ನಿಂಬೆಹಣ್ಣು ಇಟ್ಟವರು ಟೈರು ನೋಡಿದರೇ?

ಆಯುಧಪೂಜೆಯ ದಿನ ಶಿವಮೊಗ್ಗದ ಕಾರುಗಳಿಗೆ ರಾಜಮರ್ಯಾದೆ. ಬೆಳಗ್ಗೆ ಎದ್ದು ನೀರು ಹೊಯ್ದು ತೊಳೆದು, ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿ, ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಇಡುತ್ತಾರೆ. ಯಜಮಾನರು ಸ್ಟಾರ್ಟ್ ಮಾಡಿ ಒಂದಡಿ ಮುಂದಕ್ಕೆ ಬಿಟ್ಟರೆ ಹಣ್ಣು ಪಚಕ್. ಪೂಜೆ ಮುಗೀತು. ನಿಂಬೆಹಣ್ಣು ಇಡಲು ಬಗ್ಗಿದವರು ಅಲ್ಲೇ ಮೂಗಿನ ಮುಂದಿದ್ದ ಟೈರನ್ನು ಒಂದು ನಿಮಿಷ ನೋಡಿದರೇ? ಬಹುಮಂದಿ ನೋಡಿಲ್ಲ.

ರಜೆ ಬಂತೆಂದರೆ ಇದೇ ಕಾರು ಐದಾರು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತು ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿಗೆ ಇಳಿಯುತ್ತದೆ. ಸೋಮೇಶ್ವರ ಮುಟ್ಟುವುದರೊಳಗೆ 14 ಹೇರ್‌ಪಿನ್ ತಿರುವು. ಹೊರಡುವಾಗ ಮನೆಯವರು ಕೇಳಿದರೆ ಯಜಮಾನರದು ಒಂದೇ ಉತ್ತರ: "ಎಂತ ಆಗೋದಿಲ್ಲ ಮಾರಾಯ್ತಿ, ಗಾಡಿ ಒಳ್ಳೆ ಕಂಡೀಷನ್ ಇದೆ." ಕಂಡೀಷನ್ ಇದೆ ಎಂದು ನೋಡಿ ಹೇಳಿದವರು ಯಾರು? ಯಾರೂ ಇಲ್ಲ.

15 ವರ್ಷ ಕೇಳುವವರಿಲ್ಲ

ಹಳದಿ ಬೋರ್ಡಿನ ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ಎಫ್.ಸಿ. ಕಡ್ಡಾಯ. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ತಪಾಸಣೆಗೆ ನಿಲ್ಲಿಸಲೇಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಈ ಕಾಟವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದರ ಆರ್.ಸಿ. 15 ವರ್ಷ ನಡೆಯುತ್ತದೆ. ಅದು ಮುಗಿದು ಇನ್ನೈದು ವರ್ಷಕ್ಕೆ ನವೀಕರಿಸುವಾಗಲೇ ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕು. ಹೊಸ ಕಾರು ತಂದಾಗ ಹುಟ್ಟಿದ ಮಗು ಹೈಸ್ಕೂಲು ಮೆಟ್ಟಿಲು ಹತ್ತುವವರೆಗೆ ಆ ಕಾರಿನ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಸರ್ಕಾರ ಕೇಳುವುದಿಲ್ಲ.

"ಎಮಿಷನ್ ಸರ್ಟಿಫಿಕೇಟ್ ಇದೆಯಲ್ಲ ಸ್ವಾಮಿ" ಎನ್ನುವವರಿದ್ದಾರೆ. ಅದು ಹೊಗೆಯ ಲೆಕ್ಕ. ಸೈಲೆನ್ಸರಿಗೆ ನಳಿಗೆ ಹಾಕಿದವನು ಬ್ರೇಕ್ ತುಳಿದು ನೋಡುವುದಿಲ್ಲ. ಇನ್ಶೂರೆನ್ಸ್ ಕಾಗದವೂ ಅಷ್ಟೆ. ಅಪಘಾತ ಆದ ಮೇಲೆ ದುಡ್ಡು ಕೊಡಬಹುದು, ಅಪಘಾತ ತಡೆಯುವುದಿಲ್ಲ. ಎಲ್ಲ ಕಾಗದ ಸರಿಯಿದ್ದೂ ಗಾಡಿ ಸರಿಯಿಲ್ಲದೆ ಇರಬಹುದು.

ಊರಲ್ಲಿ ಹಿಡಿದದ್ದು ಘಾಟಿಯಲ್ಲಿ ಕೈಕೊಟ್ಟಾಗ

ಬ್ರೇಕ್ ಆಯಿಲ್ ಎಂದು ಎಲ್ಲರೂ ಕರೆಯುವ ದ್ರವಕ್ಕೆ ಒಂದು ಗುಣವಿದೆ. ಗಾಳಿಯಲ್ಲಿನ ತೇವವನ್ನು ಅದು ವರ್ಷಗಟ್ಟಲೆ ಮೆಲ್ಲಗೆ ಹೀರುತ್ತಾ ಇರುತ್ತದೆ. ನೆಹರೂ ರಸ್ತೆಯಲ್ಲಿ ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ ತಿರುವಿಗೊಮ್ಮೆ ಬ್ರೇಕ್ ಒತ್ತುತ್ತಾ ಇಳಿದರೆ ಡಿಸ್ಕು, ಪ್ಯಾಡು ಕಾದು ಕೆಂಡವಾಗುತ್ತವೆ. ನೀರು ಹೀರಿದ ಹಳೇ ಆಯಿಲ್ ಆ ಕಾವಿಗೆ ಬೇಗ ಕುದಿದು ಗುಳ್ಳೆ ಏಳುತ್ತದೆ. ಆಗ ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. "ನಿನ್ನೆವರೆಗೂ ಚೆನ್ನಾಗೇ ಹಿಡೀತಿತ್ತು" ಎಂಬ ಮಾತು ಸುಳ್ಳಲ್ಲ. ಆದರೆ ಊರೊಳಗೆ ಹಿಡಿದದ್ದು ಘಾಟಿಯಲ್ಲಿ ಹಿಡಿಯುತ್ತದೆಂಬ ಖಾತ್ರಿ ಇಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಬೇಕು. ಎಂಜಿನ್ ಆಯಿಲ್ ದಿನಾಂಕವನ್ನು ನೆನಪಿಟ್ಟವರು ಬ್ರೇಕ್ ಆಯಿಲ್ ಮರೆತಿರುತ್ತಾರೆ.

ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಬುದ್ಧಿವಂತರೂ ಇದ್ದಾರೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಆ ಭಾರವೆಲ್ಲ ಬ್ರೇಕಿನ ಮೇಲೆ. ಎಂಜಿನ್ ಆಫ್ ಮಾಡಿದರಂತೂ ಬ್ರೇಕ್, ಸ್ಟೇರಿಂಗ್ ಎರಡೂ ಬಿಗಿಯುತ್ತವೆ.

ಇನ್ನು ಟೈರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ರಸ್ತೆಯ ನೀರನ್ನು ಪಕ್ಕಕ್ಕೆ ತಳ್ಳುವುದು ಟೈರಿನ ಗೀರುಗಳ ಕೆಲಸ. ಕಾರಿನ ಟೈರಿನಲ್ಲಿ ಗೀರಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ನಿಯಮವಿದೆ. ಅಳೆಯಲು ಇಂಜಿನಿಯರ್ ಬೇಕಿಲ್ಲ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರಿನ ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿದಂತೆ. ಬೋಳು ಟೈರು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಸವೆಯದಿದ್ದರೂ ವಯಸ್ಸು ನೋಡಬೇಕು. ಟೈರಿನ ಬದಿಯಲ್ಲಿ 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದ ಮಾಲು. ಸ್ಟೆಪ್ನಿಯದನ್ನೂ ಓದಿಕೊಳ್ಳಿ, ಅನೇಕ ಕಾರುಗಳಲ್ಲಿ ಅದೇ ಎಲ್ಲಕ್ಕಿಂತ ಮುದುಕ.

"ಗೊತ್ತಿರಲಿಲ್ಲ" ಎಂದರೆ ಸಾಲದು

ತಪಾಸಣೆ ಕಡ್ಡಾಯ ಮಾಡದ ಕಾನೂನು ಹೊಣೆಯನ್ನು ಮಾತ್ರ ಬಿಟ್ಟಿಲ್ಲ. ಕಾಯ್ದೆಯ 190ನೇ ಕಲಮು ನೋಡಿ. ಅಪಾಯ ತರುವ ದೋಷವಿರುವ ಗಾಡಿಯನ್ನು ಓಡಿಸಿದವನಿಗೂ ಓಡಿಸಲು ಬಿಟ್ಟವನಿಗೂ ದಂಡ. ದೋಷ ಗೊತ್ತಿದ್ದರಷ್ಟೇ ಅಲ್ಲ, ಸಾಧಾರಣ ಎಚ್ಚರದಿಂದ ಗೊತ್ತಾಗುವಂತಿದ್ದರೂ ತಪ್ಪು ತಪ್ಪೇ. 2019ರ ತಿದ್ದುಪಡಿಯ ನಂತರ ದಂಡ 1500 ರೂಪಾಯಿವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಜೈಲು ದಂಡ ಹಾಗಿರಲಿ, ಹಿಂದಿನ ಸೀಟಿನಲ್ಲಿ ಕೂತವರು ಮನೆಯವರೇ ಅಲ್ಲವೇ?

ಗ್ಯಾರೇಜಿಗೆ ಹೋದರೆ "ಇಲ್ಲದ ಕೆಲಸ ಹೇಳ್ತಾನೆ" ಎಂಬ ಅನುಮಾನ ಅನೇಕರದು. ಅದಕ್ಕೂ ಮದ್ದಿದೆ. ಗಾಡಿ ಬಿಟ್ಟು ಮನೆಗೆ ಬರಬೇಡಿ, ಪಕ್ಕದಲ್ಲೇ ನಿಲ್ಲಿ. ಚಕ್ರ ಬಿಚ್ಚಿಸಿ ಪ್ಯಾಡ್ ತೋರಿಸಲು ಹೇಳಿ. ಮೂರು ಮಿಲಿಮೀಟರಿಗೆ ಬಂದಿದ್ದರೆ ಬದಲಿಸುವ ಕಾಲ. ಹಾಕಿದ ಹೊಸ ಸಾಮಾನಿನ ಜೊತೆ ಬಿಚ್ಚಿದ ಹಳೇದನ್ನೂ ಕೇಳಿ ಪಡೆಯಿರಿ. ಆಯಿಲ್ ಸೋರಿಕೆ, ಸ್ಟೇರಿಂಗ್ ಜಗ್ಗಾಟ, ಹ್ಯಾಂಡ್ ಬ್ರೇಕ್, ವೈಪರ್ ರಬ್ಬರು, ನಾಲ್ಕೂ ಕಡೆಯ ದೀಪ ಎಲ್ಲ ಅಲ್ಲೇ ನೋಡಿಸಿ. ಅರ್ಧ ದಿನದ ಕೆಲಸ. ವರ್ಷಕ್ಕೆ ಎರಡು ಸಲ ಸಾಕು.

ಒಂದು, ಮಳೆಗಾಲ ಹಿಡಿಯುವ ಮೊದಲು. ಇನ್ನೊಂದಕ್ಕೆ ಪಂಚಾಂಗ ನೋಡಬೇಕಿಲ್ಲ, ಆಯುಧಪೂಜೆಯ ಹಿಂದಿನ ವಾರವೇ ಒಳ್ಳೆಯ ಮುಹೂರ್ತ. ಗಾಡಿಯನ್ನು ರಿಪೇರಿ ಮಾಡಿಸಿ ತಂದ ಮೇಲೆ ಹಾರ ಹಾಕಿ, ಕುಂಬಳಕಾಯಿ ಒಡೆಯಿರಿ. ನಿಂಬೆಹಣ್ಣು ಇಡಲು ಬಗ್ಗಿದಾಗ ಟೈರಿನ ಗೀರಿಗೆ ಬೆರಳು ಹಾಕಿ ನೋಡುವುದನ್ನು ಮಾತ್ರ ಮರೆಯಬೇಡಿ.