ಕೆಸರು ಮೇಯುವ ಮೀನಿಗೆ ಬ್ರೆಡ್ಡಿನ ಗಾಳ

ಸಿಡ್ನಿಯಿಂದ ಉತ್ತರಕ್ಕೆ, ನ್ಯೂ ಸೌತ್ ವೇಲ್ಸ್ ಕರಾವಳಿಯಲ್ಲಿ ಲೇಕ್ ಮ್ಯಾಕ್ವಾರಿ ಎಂಬ ಉಪ್ಪುನೀರಿನ ದೊಡ್ಡ ಸರೋವರವಿದೆ. ದಡದ ತೆಳುನೀರಿನಲ್ಲಿ ಮುಲೆಟ್ ಮೀನುಗಳು ಹಿಂಡು ಕಟ್ಟಿಕೊಂಡು ಅಡ್ಡಾಡುತ್ತವೆ. ನಡುನಡುವೆ ಒಂದೊಂದು ಮೇಲಕ್ಕೆ ಹಾರಿ ದೊಪ್ಪನೆ ಬೀಳುತ್ತದೆ. ಆಮ್ಲಜನಕ ಕಡಿಮೆಯಿದ್ದಾಗ ಗಂಟಲಿನ ಮೇಲಿನ ಗೂಡಿಗೆ ಗಾಳಿ ತುಂಬಿಕೊಳ್ಳಲು ಹೀಗೆ ಹಾರುತ್ತವೆ ಎಂಬುದು ಒಂದು ವಾದ. ಮೀನೇನೋ ಕಣ್ಣೆದುರೇ ಇದೆ. ಆದರೆ ಸಿಗಡಿ ಚೂರನ್ನು ಮೂತಿಯ ಮುಂದೆ ಇಳಿಬಿಟ್ಟರೂ ಬಹುತೇಕ ಪಕ್ಕಕ್ಕೆ ಸರಿದು ಹೋಗುತ್ತದೆ.

ಇದಕ್ಕೆ ಕಾರಣ ಹೊಟ್ಟೆಯಲ್ಲಿದೆ. 1758ರಲ್ಲಿ ಲಿನೇಯಸ್ ಮ್ಯುಜಿಲ್ ಸೆಫಾಲಸ್ ಎಂದು ಹೆಸರಿಟ್ಟ ಈ ಮೀನು ಬೇಟೆಗಾರನಲ್ಲ, ಮೇಯುವ ಪ್ರಾಣಿ. ಮರಿಯಾಗಿದ್ದಾಗ ತೇಲಾಡುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವುದುಂಟು. ಬೆಳೆದ ಮೇಲೆ ಕೆಸರೇ ಊಟ. ತಲೆ ತಗ್ಗಿಸಿ ತಳದ ಮಣ್ಣನ್ನು ಬಾಯಿ ತುಂಬ ತೆಗೆದುಕೊಳ್ಳುತ್ತದೆ. ಕಿವಿರಿನ ಕಮಾನುಗಳ ಮೇಲೆ ಒತ್ತೊತ್ತಾಗಿರುವ ನವಿರು ಮುಳ್ಳುಗಳು ಅದನ್ನು ಸೋಸುತ್ತವೆ. ಡಯಾಟಮ್, ಪಾಚಿ, ಕೊಳೆತ ಎಲೆಯ ಪುಡಿ ಒಳಕ್ಕೆ, ಉಳಿದದ್ದು ಹೊರಕ್ಕೆ. ಒಂದಿಷ್ಟು ಮರಳೂ ಒಳಗೆ ಹೋಗುತ್ತದೆ. ಜಠರದ ಒಂದು ಭಾಗ ಕೋಳಿಯದರಂತೆ ದಪ್ಪ ಸ್ನಾಯುವಿನ ಗಟ್ಟಿ ಉಂಡೆ. ಆ ಮರಳೇ ಅಲ್ಲಿ ಆಹಾರವನ್ನು ಅರೆಯುತ್ತದೆ. ಮುಂದಿನದು ಮೈಯುದ್ದದ ಹಲವು ಪಟ್ಟು ಉದ್ದದ ಕರುಳಿನ ಕೆಲಸ. ಇಂಥ ಮೀನಿಗೆ ಏನನ್ನಾದರೂ ಅಟ್ಟಿಸಿಕೊಂಡು ಹೋಗುವ ದರ್ದೇನಿದೆ?

ಹುಳುವಿನ ವೇಷ ಕಟ್ಟಿದ ಕೊಕ್ಕೆಯಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್ ಹುಟ್ಟಿದ್ದು ಇದಕ್ಕೆ ತೀರಾ ವಿರುದ್ಧ ಸ್ವಭಾವದ ಟ್ರೌಟ್‌ನಂಥ ಮೀನುಗಳಿಗೆ, ಕೀಟ ಕಂಡರೆ ಎಗರುವ ಜಾತಿಗೆ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಕ್ಕೆಗೆ ಕಟ್ಟಿದ ಗರಿ, ಕೂದಲುಗಳಿಗೆ ತೂಕವೇ ಇಲ್ಲ. ತೂಕವೆಲ್ಲ ಪ್ಲಾಸ್ಟಿಕ್ ಲೇಪದ ದಪ್ಪ ದಾರದಲ್ಲಿದೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಮುಂದಕ್ಕೆ ಬೀಸಬೇಕು. ಆ ತಡೆಯುವಿಕೆಯೇ ಕಷ್ಟ. ಹೊಸಬರು ಅವಸರ ಮಾಡಿ ದಾರವನ್ನು ಕಾಲ ಬಳಿ ಗುಡ್ಡೆ ಹಾಕಿಕೊಳ್ಳುತ್ತಾರೆ.

ಹಾಗಾದರೆ ಕೆಸರು ಮೇಯುವ ಮೀನಿಗೆ ಯಾವ ಹುಳುವಿನ ವೇಷ ಕಟ್ಟುವುದು? ಯಾವುದೂ ಬೇಡ. ಮುಲೆಟ್ ನೀರಿನ ಮೇಲಿನ ಪಾಚಿಯ ಕೆನೆಯನ್ನೂ ಹೀರುತ್ತದೆ. ಈ ಅಭ್ಯಾಸವೇ ಗಾಳಗಾರನಿಗೆ ಸಿಕ್ಕ ಸಂದು. ಬ್ರೆಡ್ ಪುಡಿಯನ್ನು ಸ್ವಲ್ಪಸ್ವಲ್ಪವೇ ಚೆಲ್ಲುತ್ತಾ ಹೋದರೆ ಹಿಂಡು ಮೇಲೆದ್ದು ತುಣುಕುಗಳನ್ನು ಹೀರತೊಡಗುತ್ತದೆ. ಆಗ ಬಿಳಿ ಫೋಮನ್ನೋ ಜಿಂಕೆಯ ಕೂದಲನ್ನೋ ಕಡಲೆಕಾಳಿನಷ್ಟು ಕತ್ತರಿಸಿ ಸಣ್ಣ ಕೊಕ್ಕೆಗೆ ಕಟ್ಟಿದ ಸುಳ್ಳು ಬ್ರೆಡ್ಡನ್ನು ಆ ತುಣುಕುಗಳ ನಡುವೆ ಇಳಿಸಬೇಕು. ಅದು ಉಳಿದವುಗಳ ವೇಗದಲ್ಲೇ ತೇಲಬೇಕು. ದಾರ ಎಳೆದು ಒಂದು ಗೆರೆ ಮೂಡಿತೋ, ಮೀನು ಮುಟ್ಟದು. ಹೀರಿದಾಗ ಕಾಣುವುದು ನಾಣ್ಯದಗಲದ ಅಲೆ ಅಷ್ಟೇ. ಒಪ್ಪದಿದ್ದರೆ ಮರುಕ್ಷಣವೇ ಉಗುಳುತ್ತದೆ. ಜೋರಾಗಿ ಜಗ್ಗುವಂತೆಯೂ ಇಲ್ಲ, ಮೆತ್ತನೆಯ ತುಟಿ ಹರಿದುಹೋಗುತ್ತದೆ. ಸಿಕ್ಕಿಬಿದ್ದ ಮೇಲೆ ಮಾತ್ರ ಈ ಸಾಧು ಮೀನು ಓಡುವ ರಭಸಕ್ಕೆ ರೀಲು ಕಿರ್ರೆನ್ನುತ್ತದೆ. ನನ್ನ ಕೇಳಿದರೆ, ಟ್ರೌಟ್ ಹಿಡಿಯುವುದಕ್ಕಿಂತ ಇದು ಹೆಚ್ಚಿನ ಜಾಣತನ ಬೇಡುವ ಆಟ.

ಇದೇ ವೈಜ್ಞಾನಿಕ ಹೆಸರಿನ ಮೀನು ನಮ್ಮ ಕಾಳಿ, ಅಘನಾಶಿನಿ ಅಳಿವೆಗಳಲ್ಲೂ ಇದೆ. ಜೀನು ಪರೀಕ್ಷಿಸಿದವರು ಮಾತ್ರ ಇದು ಒಂದೇ ಪ್ರಭೇದವಲ್ಲ, ನೋಡಲು ಒಂದೇ ತೆರನಾದ ಹಲವು ಎನ್ನುತ್ತಾರೆ. ನಮ್ಮವರು ಬ್ರೆಡ್ಡಿನ ಗೊಡವೆಗೆ ಹೋದವರಲ್ಲ. ಹಿಂಡು ಕಂಡರೆ ಬೀಸುಬಲೆ ಎಸೆಯುತ್ತಾರೆ.

ಆಸ್ಟ್ರೇಲಿಯಾದಲ್ಲೂ ದೊಡ್ಡ ಹಿಡಿತವೆಲ್ಲ ಬಲೆಯದೇ. ಅಲ್ಲಿನ ಶರತ್ಕಾಲದಲ್ಲಿ, ಅಂದರೆ ನಮ್ಮ ಬೇಸಗೆ ಏರುವ ಹೊತ್ತಿಗೆ, ಪಶ್ಚಿಮದ ತಣ್ಣನೆಯ ಗಾಳಿ ಬೀಸಿದಾಗ ಬೆಳೆದ ಮುಲೆಟ್‌ಗಳು ಸರೋವರ, ಅಳಿವೆಗಳನ್ನು ತೊರೆದು ಸಮುದ್ರ ಸೇರಿ, ಮೊಟ್ಟೆಯಿಡಲು ದಡದಗುಂಟ ಉತ್ತರಕ್ಕೆ ಸಾಗುತ್ತವೆ. ಮೀನುಗಾರರು ಬೀಚಿನಿಂದಲೇ ಬಲೆ ಸುತ್ತಿ ಎಳೆಯುತ್ತಾರೆ. ಮೊಟ್ಟೆಯ ಗೊಂಚಲು ಏಷ್ಯಾದ ಮಾರುಕಟ್ಟೆಗಳಿಗೆ ಹೋಗುತ್ತದೆ. ಉಪ್ಪು ಹಾಕಿ ಒಣಗಿಸಿದರೆ ಜಪಾನೀಯರ ಕರಾಸುಮಿ, ಇಟಲಿಯವರ ಬೊತ್ತಾರ್ಗಾ. ಇಷ್ಟು ದಟ್ಟವಾಗಿ ಮೀನು ಕಾಣುವ ಆ ದಿನಗಳಲ್ಲಿ ಫ್ಲೈ ಕೋಲಿನವನಿಗೆ ಕೆಲಸ ಕಡಿಮೆ. ವಲಸೆ ಹೊರಟ ಮುಲೆಟ್ ಹೆಚ್ಚೂಕಡಿಮೆ ಉಪವಾಸ.