1991–92ರ ಯುರೋಪಿಯನ್ ಬ್ಯಾಸ್ಕೆಟ್‌ಬಾಲ್ ಲೀಗ್

1991–92ರ ಯುರೋಪಿಯನ್ ಲೀಗ್ ಎಂಬುದು ಯುರೋಪಿನ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗಳ ನಡುವೆ ನಡೆಯುವ ಅತ್ಯುನ್ನತ ಚಾಂಪಿಯನ್‌ಷಿಪ್‌ನ ಒಂದು ಋತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಇದನ್ನು ನಡೆಸಿತು. 1992ರ ಏಪ್ರಿಲ್ 16ರಂದು ಟರ್ಕಿಯ ಇಸ್ತಾಂಬುಲ್ ನಗರದಲ್ಲಿ ಜರುಗಿದ ಅಂತಿಮ ಪಂದ್ಯದಲ್ಲಿ ಬೆಲ್‌ಗ್ರೇಡ್‌ನ ಪಾರ್ತಿಜಾನ್ ಕ್ಲಬ್ ಸ್ಪೇನಿನ ಜುವೆಂತುತ್ ಬಾದಲೋನ ಕ್ಲಬ್ಬನ್ನು 71–70 ಅಂಕಗಳಿಂದ ಸೋಲಿಸಿ ಪ್ರಥಮ ಬಾರಿಗೆ ಈ ಪ್ರಶಸ್ತಿಯನ್ನು ಪಡೆಯಿತು. ಯುದ್ಧದ ಕಾರಣದಿಂದ ತನ್ನ ಊರಿನಲ್ಲಿ ಆಡಲು ಅವಕಾಶವಿಲ್ಲದೆ, ತವರಿನ ಪಂದ್ಯಗಳನ್ನು ಪರದೇಶದಲ್ಲಿ ಆಡಬೇಕಾಗಿ ಬಂದ ತಂಡವೊಂದು ಚಾಂಪಿಯನ್ ಆದುದು ಈ ಋತುವಿನ ವೈಶಿಷ್ಟ್ಯವಾಗಿದೆ.

ಹಿನ್ನೆಲೆ

1980ರ ದಶಕದ ಕೊನೆಯ ವೇಳೆಗೆ ಯುಗೊಸ್ಲಾವಿಯವು ಬ್ಯಾಸ್ಕೆಟ್‌ಬಾಲ್‌ನಲ್ಲಿ ಜಗತ್ತಿನ ಅಗ್ರರಾಷ್ಟ್ರಗಳಲ್ಲಿ ಒಂದಾಗಿತ್ತು. ಅದರ ರಾಷ್ಟ್ರೀಯ ತಂಡವು 1990ರ ವಿಶ್ವ ಚಾಂಪಿಯನ್‌ಷಿಪ್ ಹಾಗೂ 1991ರ ಯುರೋಪಿಯನ್ ಚಾಂಪಿಯನ್‌ಷಿಪ್ ಎರಡನ್ನೂ ಗೆದ್ದಿತ್ತು. ಕ್ಲಬ್‌ಗಳ ಮಟ್ಟದಲ್ಲಿ ಸ್ಪ್ಲಿಟ್ ನಗರದ ಕ್ಲಬ್ 1989, 1990 ಮತ್ತು 1991ರಲ್ಲಿ ಸತತ ಮೂರು ಬಾರಿ ಯುರೋಪಿನ ಚಾಂಪಿಯನ್ ಆಗಿತ್ತು.

ಆದರೆ 1991ರ ಜೂನ್ 25ರಂದು ಸ್ಲೊವೇನಿಯ ಮತ್ತು ಕ್ರೊಯೇಷಿಯ ಗಣರಾಜ್ಯಗಳು ಸ್ವಾತಂತ್ರ್ಯವನ್ನು ಘೋಷಿಸಿದವು. ಆ ದಿನಗಳಲ್ಲಿ ರೋಮ್ ನಗರದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಸ್ಲೊವೇನಿಯದ ಆಟಗಾರ ಯೂರಿ ಜ್ದೋವ್ಟ್ಸ್ ತನ್ನ ಸರಕಾರದ ಸೂಚನೆಯ ಮೇರೆಗೆ ಸ್ಪರ್ಧೆಯ ನಡುವೆಯೇ ಯುಗೊಸ್ಲಾವ್ ತಂಡವನ್ನು ಬಿಟ್ಟು ಹೊರಟರು. ಬೇಸಿಗೆ ಮುಗಿಯುವುದರೊಳಗೆ ಕ್ರೊಯೇಷಿಯದಲ್ಲಿ ಯುದ್ಧ ತೀವ್ರವಾಯಿತು.

ಸ್ಪರ್ಧೆಯ ಸ್ವರೂಪ

1958ರಲ್ಲಿ ಆರಂಭವಾದ ಈ ಚಾಂಪಿಯನ್‌ಷಿಪ್‌ನಲ್ಲಿ ಮೊದಲು ಮುಖ್ಯವಾಗಿ ಆಯಾ ದೇಶದ ಚಾಂಪಿಯನ್ ಕ್ಲಬ್‌ಗಳು ಭಾಗವಹಿಸುತ್ತಿದ್ದವು. 1991–92ರಲ್ಲಿ ಅದು ಯುರೋಪಿಯನ್ ಲೀಗ್ ಎಂಬ ಹೊಸ ಹೆಸರನ್ನು ಪಡೆಯಿತು. ಪ್ರಬಲ ದೇಶಗಳಿಂದ ಒಂದಕ್ಕಿಂತ ಹೆಚ್ಚು ಕ್ಲಬ್‌ಗಳಿಗೆ ಪ್ರವೇಶ ದೊರೆಯಿತು. ಪ್ರಾಥಮಿಕ ಸುತ್ತುಗಳ ಬಳಿಕ 16 ಕ್ಲಬ್‌ಗಳನ್ನು ಎಂಟೆಂಟರ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಪ್ರತಿ ತಂಡವೂ ತನ್ನ ಗುಂಪಿನ ಇತರ ಏಳು ತಂಡಗಳೊಡನೆ ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ, ಹೀಗೆ ಒಟ್ಟು 14 ಪಂದ್ಯಗಳನ್ನು ಆಡಬೇಕಿತ್ತು. ಪ್ರತಿ ಗುಂಪಿನ ಮೊದಲ ನಾಲ್ಕು ತಂಡಗಳು ಕ್ವಾರ್ಟರ್‌ಫೈನಲ್ ತಲಪುತ್ತಿದ್ದವು. ಅಲ್ಲಿ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದ ತಂಡಕ್ಕೆ ಮುನ್ನಡೆ. ಉಳಿದ ನಾಲ್ಕು ತಂಡಗಳು ಒಂದೇ ನಗರದಲ್ಲಿ ಸೇರಿ ಸೆಮಿಫೈನಲ್ ಮತ್ತು ಫೈನಲ್ ಪಂದ್ಯಗಳನ್ನು ಆಡುತ್ತಿದ್ದವು.

ತವರಿಲ್ಲದ ತಂಡಗಳು

ಇಂಥ ಸ್ಪರ್ಧೆಯಲ್ಲಿ ತವರಿನ ಅಂಕಣಕ್ಕೆ ವಿಶೇಷ ಮಹತ್ತ್ವವಿದೆ. ಪ್ರಯಾಣದ ಆಯಾಸವಿಲ್ಲದಿರುವುದು, ಅಂಕಣದ ಪರಿಚಯ, ತನ್ನವರೇ ಆದ ಪ್ರೇಕ್ಷಕರ ಬೆಂಬಲ ಇವೆಲ್ಲ ಸಮಬಲದ ಹೋರಾಟದಲ್ಲಿ ನಿರ್ಣಾಯಕವಾಗಬಲ್ಲವು. ಯುದ್ಧದ ಅಪಾಯವನ್ನು ಪರಿಗಣಿಸಿ ಫಿಬಾ ಯುಗೊಸ್ಲಾವಿಯದ ನೆಲದಲ್ಲಿ ಪಂದ್ಯಗಳನ್ನು ನಡೆಸಲು ಒಪ್ಪಲಿಲ್ಲ. ಲೀಗ್‌ನಲ್ಲಿದ್ದ ಮೂರು ಕ್ಲಬ್‌ಗಳೂ, ಎಂದರೆ ಸ್ಪ್ಲಿಟ್, ಜಾಗ್ರೆಬ್‌ನ ಸಿಬೋನ ಮತ್ತು ಬೆಲ್‌ಗ್ರೇಡ್‌ನ ಪಾರ್ತಿಜಾನ್, ಸ್ಪೇನಿನಲ್ಲಿ ಆಶ್ರಯ ಪಡೆದವು. ತಾಯ್ನಾಡಿನಲ್ಲಿ ಪರಸ್ಪರ ಶತ್ರುಪಕ್ಷಗಳಿಗೆ ಸೇರಿದ ನಗರಗಳ ತಂಡಗಳು ಪರದೇಶದಲ್ಲಿ ಒಂದೇ ಬಗೆಯ ವನವಾಸವನ್ನು ಅನುಭವಿಸಿದವು. ಹಿಂದಿನ ಚಾಂಪಿಯನ್ ಸ್ಪ್ಲಿಟ್ ಗುಂಪಿನ ಹಂತವನ್ನು ದಾಟಲಿಲ್ಲ. ಸಿಬೋನ ಕ್ವಾರ್ಟರ್‌ಫೈನಲ್‌ನಲ್ಲಿ ಸೋತಿತು.

ಪಾರ್ತಿಜಾನ್ ಆರಿಸಿಕೊಂಡುದು ಮ್ಯಾಡ್ರಿಡ್ ನಗರದ ದಕ್ಷಿಣಕ್ಕಿರುವ ಫ್ವೆನ್‌ಲಾಬ್ರಾದ ಎಂಬ ಊರನ್ನು. ಬೆಲ್‌ಗ್ರೇಡ್‌ನಿಂದ ಅದು ಸುಮಾರು 2000 ಕಿಲೋಮೀಟರ್ ದೂರ. ಅಲ್ಲಿಯ ಜನರು ಈ ಅಪರಿಚಿತ ತಂಡವನ್ನು ತಮ್ಮದೆಂದೇ ಸ್ವೀಕರಿಸಿ, ಸ್ಪೇನಿನ ಕ್ಲಬ್‌ಗಳ ವಿರುದ್ಧ ಆಡುವಾಗಲೂ ಅದನ್ನು ಬೆಂಬಲಿಸಿದರು. ಸ್ಪೇನಿನಲ್ಲಿ ತಂಡಕ್ಕೆ ‘ಫ್ವೆನ್‌ಲಾಬ್ರಾದದ ಪಾರ್ತಿಜಾನ್’ ಎಂಬ ಹೆಸರೇ ಬಂದಿತು.

ಪಾರ್ತಿಜಾನ್ ತಂಡ

ತಂಡದ ತರಬೇತುದಾರ ಝೆಲ್ಕೊ ಒಬ್ರಾದೋವಿಚ್ ಅವರಿಗೆ ಇದು ಮೊದಲ ಋತು. 1960ರಲ್ಲಿ ಜನಿಸಿದ ಅವರು 1991ರಲ್ಲಷ್ಟೇ ಆಟಗಾರನ ವೃತ್ತಿಯನ್ನು ತೊರೆದು ಈ ಹೊಣೆಯನ್ನು ವಹಿಸಿಕೊಂಡಿದ್ದರು. ಹಿರಿಯ ತರಬೇತುದಾರ ಅಲೆಕ್ಸಾಂಡರ್ ನಿಕೋಲಿಚ್ ಅವರಿಗೆ ಮಾರ್ಗದರ್ಶಕರಾಗಿದ್ದರು. ಆಟಗಾರರೂ ಎಳೆಯರೇ. ಫೈನಲ್ ವೇಳೆಗೆ ಅಲೆಕ್ಸಾಂಡರ್ ಜೋರ್ಜೆವಿಚ್ ಅವರಿಗೆ 24, ಪ್ರೆದ್ರಾಗ್ ದಾನಿಲೋವಿಚ್ ಅವರಿಗೆ 22, ಝೆಲ್ಕೊ ರೆಬ್ರಾಚ ಅವರಿಗೆ 20 ವರ್ಷ. ಕ್ರೊಯೇಷಿಯದ ರಿಯೇಕ ನಗರದಲ್ಲಿ ಜನಿಸಿದ ಇವೊ ನಾಕಿಚ್ ಯುದ್ಧದ ನಡುವೆಯೂ ತಂಡದಲ್ಲಿಯೇ ಉಳಿದರು.

ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿಯ ಬೊಲೋನ್ಯ ಕ್ಲಬ್ ಎದುರಾಯಿತು. ಈ ಸರಣಿಯ ಮೊದಲ ಪಂದ್ಯವನ್ನು ಬೆಲ್‌ಗ್ರೇಡ್‌ನಲ್ಲಿಯೇ ಆಡಲು ಅನುಮತಿ ದೊರೆಯಿತು. ಪಾರ್ತಿಜಾನ್ ಅದನ್ನು ಗೆದ್ದು, ಎರಡನೆಯದರಲ್ಲಿ ಸೋತು, ಎದುರಾಳಿಯ ಊರಿನಲ್ಲಿ ನಡೆದ ಮೂರನೆಯ ಪಂದ್ಯವನ್ನು ಗೆದ್ದುಕೊಂಡಿತು.

ಇಸ್ತಾಂಬುಲ್‌ನ ಅಂತಿಮ ಹಂತ

ಸೆಮಿಫೈನಲ್‌ನಲ್ಲಿ ಪಾರ್ತಿಜಾನ್ ಇಟಲಿಯ ಮಿಲಾನ್ ಕ್ಲಬ್ಬನ್ನು 82–75ರಿಂದಲೂ, ಜುವೆಂತುತ್ ಮ್ಯಾಡ್ರಿಡ್‌ನ ಎಸ್ತುದಿಯಾಂತೆಸ್ ಕ್ಲಬ್ಬನ್ನು 91–69ರಿಂದಲೂ ಮಣಿಸಿದವು. ಆ ವೇಳೆಗೆ ಬೋಸ್ನಿಯದಲ್ಲಿಯೂ ಯುದ್ಧ ಆರಂಭವಾಗಿತ್ತು.

ಫೈನಲ್ ಕೊನೆಯ ಕ್ಷಣದವರೆಗೂ ಅನಿಶ್ಚಿತವಾಗಿತ್ತು. ಕೆಲವೇ ಸೆಕೆಂಡುಗಳು ಉಳಿದಿರುವಾಗ ತೊಮಾಸ್ ಜೊಫ್ರೇಸ ಬುಟ್ಟಿಗೆ ಚೆಂಡನ್ನು ಹಾಕಿ ಜುವೆಂತುತ್‌ಗೆ 70–68ರ ಮುನ್ನಡೆ ತಂದರು. ಒಡನೆಯೇ ಚೆಂಡನ್ನು ಪಡೆದ ಜೋರ್ಜೆವಿಚ್ ಅಂಕಣದ ಉದ್ದಕ್ಕೂ ಓಡಿ, ಮೂರು ಅಂಕಗಳ ಗೆರೆಯ ಹೊರಗಿನಿಂದ ಚೆಂಡನ್ನು ಎಸೆದರು. ಅಂದಿನ ನಿಯಮದಂತೆ ಈ ಗೆರೆ ಬುಟ್ಟಿಯಿಂದ 6.25 ಮೀಟರ್ ದೂರದಲ್ಲಿತ್ತು. ಅದರಾಚೆಯಿಂದ ಹಾಕಿದ ಚೆಂಡಿಗೆ ಎರಡರ ಬದಲು ಮೂರು ಅಂಕ ಸಲ್ಲುತ್ತದೆ. ಚೆಂಡು ಬುಟ್ಟಿಯೊಳಗೆ ಬಿದ್ದು ಪಾರ್ತಿಜಾನ್ ಒಂದು ಅಂಕದಿಂದ ಗೆದ್ದಿತು. ಫೈನಲ್‌ನಲ್ಲಿ 25 ಅಂಕ ಗಳಿಸಿದ ದಾನಿಲೋವಿಚ್ ಅಂತಿಮ ಹಂತದ ಅತ್ಯುತ್ತಮ ಆಟಗಾರರೆಂಬ ಗೌರವಕ್ಕೆ ಪಾತ್ರರಾದರು.

ಪರಿಣಾಮ

ಫೈನಲ್ ಮುಗಿದ 11 ದಿನಗಳಿಗೆ, ಏಪ್ರಿಲ್ 27ರಂದು, ಸರ್ಬಿಯ ಮತ್ತು ಮಾಂಟೆನೆಗ್ರೊ ಮಾತ್ರ ಸೇರಿದ ಹೊಸ ಯುಗೊಸ್ಲಾವಿಯ ರಚಿತವಾಯಿತು. ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 757ನೆಯ ನಿರ್ಣಯದ ಮೂಲಕ ಆ ದೇಶದ ಮೇಲೆ ನಿರ್ಬಂಧಗಳನ್ನು ಹೇರಿತು. ಅಂತರರಾಷ್ಟ್ರೀಯ ಕ್ರೀಡೆಗಳಿಂದ ಹೊರಗಿಡುವುದೂ ಅವುಗಳಲ್ಲಿ ಸೇರಿತ್ತು. ಹೀಗಾಗಿ ಪಾರ್ತಿಜಾನ್ ಮರುವರ್ಷ ತನ್ನ ಪ್ರಶಸ್ತಿಯನ್ನು ಉಳಿಸಿಕೊಳ್ಳಲು ಅಂಕಣಕ್ಕೆ ಇಳಿಯಲೇ ಆಗಲಿಲ್ಲ.

ತಂಡ ಚದುರಿತು. ದಾನಿಲೋವಿಚ್ ಬೊಲೋನ್ಯಕ್ಕೂ ಜೋರ್ಜೆವಿಚ್ ಮಿಲಾನ್‌ಗೂ, ಎಂದರೆ ತಾವು ಸೋಲಿಸಿದ ಕ್ಲಬ್‌ಗಳಿಗೇ, ಸೇರಿದರು. 1993ರಲ್ಲಿ ಫ್ರಾನ್ಸಿನ ಲಿಮೋಜ್ ಕ್ಲಬ್ ಚಾಂಪಿಯನ್ ಆಯಿತು. ಅದರ ತರಬೇತುದಾರ ಸ್ಪ್ಲಿಟ್‌ಗೆ ಎರಡು ಪ್ರಶಸ್ತಿ ತಂದಿದ್ದ ಬೋಜಿದಾರ್ ಮಾಲ್ಕೊವಿಚ್, ಆಟಗಾರರಲ್ಲಿ ಒಬ್ಬರು ಜ್ದೋವ್ಟ್ಸ್. ಒಬ್ರಾದೋವಿಚ್ 1994ರಲ್ಲಿ ಜುವೆಂತುತ್ ತಂಡದ ತರಬೇತುದಾರರಾಗಿ, ಎರಡು ವರ್ಷಗಳ ಹಿಂದೆ ತಾವೇ ತಪ್ಪಿಸಿದ್ದ ಪ್ರಶಸ್ತಿಯನ್ನು ಆ ಕ್ಲಬ್ಬಿಗೆ ಗಳಿಸಿಕೊಟ್ಟರು. ಮುಂದೆ ರಿಯಲ್ ಮ್ಯಾಡ್ರಿಡ್, ಪನಾಥಿನೈಕೋಸ್ ಮತ್ತು ಫೆನೆರ್‌ಬಾಚೆ ಕ್ಲಬ್‌ಗಳೊಡನೆ ಗೆದ್ದು ಒಟ್ಟು ಒಂಬತ್ತು ಬಾರಿ ಯುರೋಪಿನ ಚಾಂಪಿಯನ್ ತರಬೇತುದಾರರಾದರು. ಒಂದು ದೇಶದ ಒಡೆಯುವಿಕೆಯು ಅದರ ಕ್ರೀಡಾಪರಂಪರೆಯನ್ನು ನಾಶಮಾಡದೆ ಯುರೋಪಿನಾದ್ಯಂತ ಹಂಚಿತೆಂಬುದಕ್ಕೆ ಈ ಋತುವೂ ಅದರ ಮುಂದಿನ ವರ್ಷಗಳೂ ನಿದರ್ಶನವಾಗಿವೆ.