ಆಕೃತಿಶೋಧನ ವಿಧಾನವೂ ಓಲೆಪ್ರತಿಯ ಸೊನ್ನೆಯೂ

ಮೈಸೂರಿನ ಸರಸ್ವತಿಪುರಂಗೆ ಸಮೀಪವಾದ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಓಲೆಗರಿಗಳ ದೊಡ್ಡ ಭಂಡಾರವಿದೆ. ಅಲ್ಲಿಂದ ದಕ್ಷಿಣಕ್ಕಿರುವ ನಂಜನಗೂಡಿನಲ್ಲಿ ವಿದ್ಯುನ್ಮಾನ ಯಂತ್ರಗಳಿಗೆ ಬೇಕಾದ ಮುದ್ರಿತ ಸರ್ಕ್ಯೂಟ್ ಫಲಕಗಳು ತಯಾರಾಗುತ್ತವೆ. ಇವೆರಡಕ್ಕೂ ಏನು ಸಂಬಂಧವೆಂದು ಪಂಡಿತರು ಕೇಳಬಹುದು. ಇಂತಹ ಫಲಕಗಳ ದೋಷಗಳನ್ನು ಕ್ಯಾಮರಾದ ಮೂಲಕ ಪರೀಕ್ಷಿಸಲು ಕೈಗಾರಿಕೆಯಲ್ಲಿ ರೂಢವಾಗಿರುವ ಗಣಿತವಿಧಾನವೇ ಓಲೆಪ್ರತಿಗಳ ಛಾಯಾಚಿತ್ರಗಳನ್ನು ‘ಶುದ್ಧಿ’ಗೊಳಿಸಲೂ ಬಳಕೆಯಾಗುತ್ತಿದೆ. ಈ ಶುದ್ಧಿಗೂ ಪಾಠಶುದ್ಧಿಗೂ ಇರುವ ಅಂತರವನ್ನು ಗ್ರಂಥಸಂಪಾದಕರು ಅರಿತಿರಬೇಕು.

1964ರಲ್ಲಿ ಪ್ಯಾರಿಸ್ಸಿನ ಗಣಿವಿದ್ಯಾಲಯದ ಜಾರ್ಜ್ ಮಾಥೆರೋನ್ ಮತ್ತು ಜ್ಯಾನ್ ಸೆರ್ರಾ ಇದಕ್ಕೆ ತಳಹದಿ ಹಾಕಿದರು. ಲೊರೇನ್ ಪ್ರಾಂತದ ಕಬ್ಬಿಣದ ಅದಿರಿನ ಒಳರಚನೆಯನ್ನು ಅಳೆಯುವುದು ಅವರ ಉದ್ದೇಶವಾಗಿತ್ತು.

ಕ್ರಮ ಸರಳವಾದುದು. ಚಿತ್ರವನ್ನು ಕಪ್ಪು ಬಿಳಿ ಬಿಂದುಗಳ ಜಾಲವೆಂದು ಭಾವಿಸಿ, ಒಂದು ಚಿಕ್ಕ ಅಚ್ಚನ್ನು ಪ್ರತಿಯೊಂದು ಬಿಂದುವಿನ ಮೇಲೂ ಇಟ್ಟು ನೋಡಬೇಕು. ಅಚ್ಚು ಪೂರ್ತಿಯಾಗಿ ಕಪ್ಪಿನೊಳಗೆ ಅಡಗಿದರೆ ಮಾತ್ರ ಕೇಂದ್ರಬಿಂದುವನ್ನು ಉಳಿಸುವುದು ಇರೋಷನ್, ಅಂದರೆ ಹಾನಿ. ಅಚ್ಚಿನ ಯಾವುದೇ ಅಂಶ ಕಪ್ಪನ್ನು ಮುಟ್ಟಿದರೂ ಕೇಂದ್ರವನ್ನು ಕಪ್ಪಾಗಿಸುವುದು ಡೈಲೇಷನ್, ಅಂದರೆ ವೃದ್ಧಿ. (ಷಟ್‌ಸ್ಥಾನಪತಿತ ಹಾನಿವೃದ್ಧಿಗಳನ್ನು ಇಲ್ಲಿ ನೆನೆಯಬೇಕಾಗಿಲ್ಲ.) ಮೊದಲು ಹಾನಿ, ಅನಂತರ ವೃದ್ಧಿ ಮಾಡಿದರೆ ಅಚ್ಚಿಗಿಂತ ಕಿರಿದಾದ ಕಪ್ಪುಗಳೆಲ್ಲ ಹೋಗುತ್ತವೆ, ಇದು ತೆರವು. ಕ್ರಮವನ್ನು ತಿರುಗಿಸಿದರೆ ಸಣ್ಣ ಬಿಡುವುಗಳು ತುಂಬಿಕೊಳ್ಳುತ್ತವೆ, ಇದು ಮುಚ್ಚಿಕೆ. ಅದೇ ಅಚ್ಚಿನಿಂದ ತೆರವನ್ನು ಮತ್ತೊಮ್ಮೆ ಮಾಡಿದರೂ ಚಿತ್ರ ಬದಲಾಗದು.

ಫಲಕದಲ್ಲಿ ತಾಮ್ರದ ಗೆರೆಯ ಅಗಲ ಮೊದಲೇ ನಿಶ್ಚಿತ. ಅದಕ್ಕಿಂತ ತುಸು ಚಿಕ್ಕ ಅಚ್ಚಿನಿಂದ ತೆರವು ಮಾಡಿ, ಬಂದುದನ್ನು ಮೂಲಚಿತ್ರದಿಂದ ಕಳೆದರೆ ಗೆರೆಯ ಪಕ್ಕಕ್ಕೆ ಚಾಚಿದ ಮುಳ್ಳುಗಳು ಶೇಷವಾಗಿ ಉಳಿಯುತ್ತವೆ. ಮುಚ್ಚಿಕೆಯಿಂದ ಸೂಜಿರಂಧ್ರಗಳು ಹಾಗೆಯೇ ಸಿಕ್ಕುತ್ತವೆ. ಸರಿಯಾದ ಆಕೃತಿ ಯಾವುದೆಂದು ನಕ್ಷೆ ಹೇಳುವುದರಿಂದ ಇಲ್ಲಿ ಸಂದೇಹಕ್ಕೆ ಎಡೆ ಕಡಿಮೆ.

ಓಲೆಗೆ ಅಂತಹ ನಕ್ಷೆಯಿಲ್ಲ. ಕಂಠದಿಂದ ಕೊರೆದು ಮಸಿ ತೊಡೆದ ಗೆರೆಯು ಹುಳುವಿನ ರಂಧ್ರಕ್ಕಿಂತಲೂ ಸಪೂರವಾಗಿರುವುದರಿಂದ, ರಂಧ್ರವನ್ನು ತೆಗೆಯಲು ದುಂಡು ಅಚ್ಚನ್ನು ಬಳಸಿದರೆ ಮೊದಲು ಅಕ್ಷರವೇ ಹೋಗುವುದು. ಆದುದರಿಂದ ವಿಸ್ತೀರ್ಣದ ತೆರವನ್ನು ಬಳಸುವ ರೂಢಿಯಿದೆ: ಒಂದಕ್ಕೊಂದು ತಾಗಿದ ಕಪ್ಪುಬಿಂದುಗಳ ಗುಂಪುಗಳನ್ನು ಎಣಿಸಿ, ನಿಗದಿತ ಸಂಖ್ಯೆಗಿಂತ ಚಿಕ್ಕ ಗುಂಪುಗಳನ್ನು ಅಳಿಸುವುದು. ನೀಳವಾದ ಅಕ್ಷರ ಉಳಿಯುವುದು, ಬೂಷ್ಟಿನ ಚುಕ್ಕೆ ಅಳಿಯುವುದು. ಅದರೊಡನೆ, ಅಕ್ಷರಕ್ಕೆ ತಾಗದೆ ಪ್ರತ್ಯೇಕವಾಗಿ ನಿಂತ ಸೊನ್ನೆಯೂ ಅಳಿಯುವುದು!

ಇದು ಅಲ್ಪ ನಷ್ಟವಲ್ಲ. ದಕ್ಷಿಣದ ಪ್ರಾಕೃತ ಪ್ರತಿಗಳಲ್ಲಿ ಸೊನ್ನೆಯು ಅನುಸ್ವಾರವನ್ನಷ್ಟೇ ಅಲ್ಲದೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುವುದುಂಟು. ‘ಕಮ್ಮ’ ಶಬ್ದವನ್ನು ‘ಕಂಮ’ ಎಂದು ಬರೆದಿರುವಲ್ಲಿ ಸೊನ್ನೆ ಹೋದರೆ ‘ಕಮ’ ಉಳಿಯುವುದು. ‘ಕಮ್ಮ’ವೆಂದರೆ ಕರ್ಮ, ‘ಕಮ’ವೆಂದರೆ ಕ್ರಮ. ಎರಡೂ ಸಾಧುರೂಪಗಳಾದುದರಿಂದ ಓದುವವನಿಗೆ ಸಂಶಯವೂ ಹುಟ್ಟದು. ಲಿಪಿಕಾರನ ಸ್ಖಾಲಿತ್ಯವನ್ನು ಬೇರೆ ಪ್ರತಿಗಳ ಸಹಾಯದಿಂದ ಹಿಡಿಯಬಹುದು. ಒಂದೇ ಸಂಖ್ಯೆಯನ್ನು ನಿಗದಿಪಡಿಸಿ ಹತ್ತು ಪ್ರತಿಗಳನ್ನು ಶೋಧಿಸಿದರೆ ಹತ್ತರಲ್ಲಿಯೂ ಒಂದೇ ತಪ್ಪು ನುಸುಳಬಹುದು. ಮುಚ್ಚಿಕೆಯ ಅಪಾಯ ಇನ್ನೊಂದು ಬಗೆಯದು: ಪಕಾರ ವಕಾರಗಳ ಭೇದ ಎಷ್ಟು ಕಿರಿದಾದ ಬಿಡುವಿನಲ್ಲಿದೆಯೆಂಬುದು ಪ್ರತಿಗಳನ್ನು ಓದಿದವರೆಲ್ಲರಿಗೂ ಗೊತ್ತು.

ಆದರೂ ಈ ವಿಧಾನವನ್ನು ತಿರಸ್ಕರಿಸಬೇಕಾಗಿಲ್ಲ. ತೆರವು ಮೂಲದಲ್ಲಿಲ್ಲದ ಕಪ್ಪನ್ನು ಎಂದೂ ಸೇರಿಸದು. ತೆಗೆದುದೆಲ್ಲವೂ ಕಾರ್ಖಾನೆಯಲ್ಲಿ ಮಾಡುವಂತೆ ಕಳೆದಾಗ ಶೇಷಚಿತ್ರದಲ್ಲಿ ಯಥಾವತ್ತಾಗಿ ದೊರೆಯುವುದು. ಆದುದರಿಂದ ಪ್ರತಿಯೊಂದು ಗರಿಗೂ ಮೂಲಚಿತ್ರ, ಶೋಧಿತಚಿತ್ರ, ಶೇಷಚಿತ್ರ ಮೂರನ್ನೂ ಬಳಸಿದ ಸಂಖ್ಯೆಯೊಡನೆ ಕಾಪಿಡಬೇಕು. ಶೇಷದಲ್ಲಿ ಕಾಣುವ ಚುಕ್ಕೆಗಳನ್ನು, ಓಲೆಯ ಹಿಂಬದಿಯಿಂದ ಬೆಳಕು ಹಾಯಿಸಿ ತೆಗೆದ ಇನ್ನೊಂದು ಚಿತ್ರದೊಡನೆ ಹೋಲಿಸಿದರೆ ಅರ್ಧ ಕೆಲಸ ತೀರುವುದು: ಹುಳುವಿನ ರಂಧ್ರ ಹೊಳೆಯುವುದು, ಬರೆದ ಸೊನ್ನೆ ಹೊಳೆಯದು. ಬೂಷ್ಟಿನ ಚುಕ್ಕೆಯೂ ಹೊಳೆಯದಾದುದರಿಂದ, ಮಿಕ್ಕವುಗಳನ್ನು ಛಂದಸ್ಸು, ವ್ಯಾಕರಣ, ಪ್ರಕರಣಗಳನ್ನು ಬಲ್ಲವರು ಒಂದೊಂದಾಗಿ ನೋಡಿ ತೀರ್ಮಾನಿಸಬೇಕಾಗುವುದು.